14416ಕ್ಕೆ ಯಾವಾಗ ಫೋನ್ ಮಾಡಬೇಕು, ಏನು ಕೇಳಬೇಕು: ಟೆಲಿ ಮಾನಸ್ ಸೇವೆಯ ವಿಮರ್ಶೆ

‘ಅದು ಆತ್ಮಹತ್ಯೆ ಮಾಡ್ಕೋಬೇಕು ಅನ್ನಿಸಿದವರಿಗೆ ಇರೋ ನಂಬರು ಅಲ್ವಾ?’ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಹೆಸರೆತ್ತಿದರೆ ಮೊದಲು ಬರುವ ಮಾತು ಇದು. ಮಗಳು ಊಟ ಬಿಟ್ಟಿದ್ದಾಳೆ, ಮಗ ಎರಡು ತಿಂಗಳಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿಲ್ಲ, ಬಾಣಂತಿ ಕಾರಣವಿಲ್ಲದೆ ಅಳುತ್ತಾಳೆ, ರಿಟೈರ್ ಆದ ಅಪ್ಪ ದಿನವಿಡೀ ಮುಖ ಗೋಡೆಗೆ ಹಾಕಿ ಮಲಗಿರುತ್ತಾರೆ. ಇಂಥದ್ದಕ್ಕೆಲ್ಲ ಸರ್ಕಾರಿ ನಂಬರಿಗೆ ಫೋನ್ ಮಾಡುವುದುಂಟೇ ಎಂದು ಜನ ಸುಮ್ಮನಾಗುತ್ತಾರೆ. ಮಾಡುವುದುಂಟು. ನಿಜ ಹೇಳಬೇಕೆಂದರೆ ಈ ಸೇವೆ ಚೆನ್ನಾಗಿ ಕೆಲಸಕ್ಕೆ ಬರುವುದು ಇಂಥ ಹಂತದಲ್ಲೇ. ನಿದ್ದೆ ಬಾರದಿರುವುದು, ಬೇಜಾರು, ಒತ್ತಡ, ಆತಂಕ ಇವೇ ಅಲ್ಲಿಗೆ ಬರುವ ಕರೆಗಳಲ್ಲಿ ಮುಖ್ಯವಾದವು.

ಟೆಲಿ ಮಾನಸ್ ಶುರುವಾದದ್ದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾಗಿತ್ತು. ಇಡೀ ದೇಶದ ಜಾಲಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ, ತಂತ್ರಜ್ಞಾನದ ಹೊಣೆ ಬೆಂಗಳೂರಿನದೇ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿಯದು. ಸಂಖ್ಯೆ 14416, ಅದು ತಾಗದಿದ್ದರೆ 1800 89 14416. ದಿನದ 24 ಗಂಟೆಯೂ ಇರುತ್ತದೆ, ಕಾಸು ಖರ್ಚಿಲ್ಲ. ಕನ್ನಡ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ತೊಂದರೆಗಳಿಗೆ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇ. 70ರಿಂದ 92 ಎಂದು ಕಂಡುಬಂದಿತ್ತು. ಆ ಕಂದರಕ್ಕೆ ಹಾಕಿದ ಸೇತುವೆ ಇದು. ಸೇತುವೆ ಎಂದೇ ತಿಳಿದು ಬಳಸಬೇಕು. ಇದನ್ನೇ ಆಸ್ಪತ್ರೆ ಎಂದುಕೊಂಡು ಫೋನ್ ಮಾಡಿದವರು ನಿರಾಸೆಯಿಂದ ಇಡುತ್ತಾರೆ.

ಕರೆ ಹೀಗೆ ಸಾಗುತ್ತದೆ. ಮೊದಲು ಯಂತ್ರದ ದನಿ ಭಾಷೆ ಆರಿಸಲು ಹೇಳುತ್ತದೆ. ಆತುರದಲ್ಲಿ ಯಾವುದೋ ಗುಂಡಿ ಒತ್ತಿ ಬೇರೆ ಭಾಷೆಗೆ ಹೋದರೆ ಇಟ್ಟು ಮತ್ತೆ ಮಾಡಿ, ಹರಕು ಇಂಗ್ಲಿಷಿನಲ್ಲಿ ಸಂಭಾಳಿಸಲು ಹೋಗಬೇಡಿ. ಮನಸ್ಸಿನ ಮಾತು ಮನೆಯ ಮಾತಿನಲ್ಲೇ ಬರಬೇಕು. ‘ಎದಿ ಡವ ಡವ ಅಂತೈತಿ, ಜೀವಕ್ಕ ಸಮಾಧಾನ ಇಲ್ಲ’ ಎಂಬುದನ್ನು ‘ಆಂಗ್ಸೈಟಿ’ ಎಂದು ಅನುವಾದಿಸುವ ಕೆಲಸ ನಿಮ್ಮದಲ್ಲ. ಮೊದಲು ಸಿಗುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅವರ ಕೈಮೀರಿದ್ದು ಎನ್ನಿಸಿದರೆ ಕರೆಯನ್ನು ತಜ್ಞರಿಗೆ ದಾಟಿಸುತ್ತಾರೆ: ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಮನೋವೈದ್ಯರು. ಮುಖಾಮುಖಿ ನೋಡಲೇಬೇಕು ಎಂದಾದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೋ ಹತ್ತಿರದ ಆಸ್ಪತ್ರೆಗೋ ದಾರಿ ತೋರಿಸುತ್ತಾರೆ.

ಮಾತಿನ ನಡುವೆ ‘ಸಾಯಬೇಕು ಅಂತ ಅನ್ನಿಸುತ್ತಾ?’ ಎಂದು ನೇರವಾಗಿ ಕೇಳಬಹುದು. ಗಾಬರಿ ಬೇಡ, ‘ನನ್ನನ್ನ ಏನಂದುಕೊಂಡ್ರಿ’ ಎಂಬ ಸಿಟ್ಟೂ ಬೇಡ. ಯಾರನ್ನೇ ಆದರೂ ಮೊದಲು ಕೇಳಬೇಕಾದ ಪ್ರಶ್ನೆ ಅದು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದವರಿಗೆ ಬಾಯಿ ಬಿಡಲು ದಾರಿಯಾಗುತ್ತದೆ. ಮನೆಯಲ್ಲಿ ಅಪ್ಪ ಅಮ್ಮ ಮಕ್ಕಳನ್ನು ಕೇಳಬೇಕಾದದ್ದೂ ಹೀಗೇ, ಸುತ್ತಿಬಳಸದೆ.

ಸೇವೆಯ ಗುಣಮಟ್ಟ ಕರೆ ಮಾಡುವವರ ತಯಾರಿಯ ಮೇಲೂ ನಿಂತಿದೆ. ‘ತುಂಬಾ ಟೆನ್ಶನ್ ಮೇಡಂ, ಏನಾದ್ರೂ ಹೇಳಿ’ ಎಂದರೆ ಸಿಗುವುದು ಧೈರ್ಯವಾಗಿರಿ, ವಾಕಿಂಗ್ ಮಾಡಿ, ಪ್ರಾಣಾಯಾಮ ಮಾಡಿ ಎಂಬ ಉತ್ತರ. ‘ಮೂರು ವಾರದಿಂದ ಬೆಳಗಿನ ಜಾವ 3 ಗಂಟೆಗೆ ಎಚ್ಚರ ಆಗುತ್ತೆ, ಮತ್ತೆ ನಿದ್ದೆ ಹತ್ತಲ್ಲ. ಎರಡು ಚಪಾತಿ ತಿನ್ನುತ್ತಿದ್ದವಳು ಒಂದಕ್ಕೆ ಇಳಿದಿದ್ದೀನಿ. ಟಿವಿ ಕೂಡ ಬೇಡ ಅನ್ನಿಸುತ್ತೆ’ ಎಂದರೆ ಆ ಕಡೆಯವರ ಕಿವಿ ಚುರುಕಾಗುತ್ತದೆ. ಬೇಗ ಎಚ್ಚರವಾಗುವುದು, ಹಸಿವು ಇಳಿಯುವುದು, ಇಷ್ಟದ ಕೆಲಸವೂ ಬೇಡವಾಗುವುದು ಎರಡು ವಾರಕ್ಕಿಂತ ಹೆಚ್ಚು ಒಟ್ಟಿಗೇ ನಡೆದರೆ ಅದು ಬರೀ ಬೇಜಾರಲ್ಲ, ಖಿನ್ನತೆ ಇರಬಹುದು, ವೈದ್ಯರು ನೋಡಬೇಕಾದದ್ದು.

ಆದ್ದರಿಂದ ಫೋನ್ ಎತ್ತುವ ಮೊದಲು ಅರ್ಧ ಹಾಳೆ ಬರೆದಿಟ್ಟುಕೊಳ್ಳಿ. ಯಾವಾಗಿನಿಂದ ಹೀಗೆ, ಅದಕ್ಕೆ ಮುಂಚೆ ಏನಾಯಿತು. ರಾತ್ರಿ ಎಷ್ಟು ಗಂಟೆ ನಿದ್ದೆ, ತೊಂದರೆ ನಿದ್ದೆ ಹತ್ತುವಾಗಲೋ ನಡುವೆ ಎಚ್ಚರವಾಗಿಯೋ. ಊಟ, ತೂಕ. ಕೆಲಸಕ್ಕೆ, ಶಾಲೆಗೆ ಎಷ್ಟು ದಿನ ತಪ್ಪಿದೆ. ಬಿಪಿ, ಶುಗರ್, ಥೈರಾಯ್ಡ್ ಇದೆಯೇ, ಯಾವ ಮಾತ್ರೆ ನಡೆಯುತ್ತಿದೆ. ಥೈರಾಯ್ಡ್ ಪ್ರಶ್ನೆಯನ್ನು ಮರೆಯಬೇಡಿ: ಆ ಗ್ರಂಥಿಯ ಕೆಲಸ ಕಡಿಮೆಯಾದರೆ ಸುಸ್ತು, ಮಂಕು, ಅತಿ ನಿದ್ದೆ ಬಂದು ನೋಡುವವರಿಗೆ ಖಿನ್ನತೆಯಂತೆಯೇ ಕಾಣುತ್ತದೆ, ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಕುಡಿತ ಇದ್ದರೆ ಎಷ್ಟು, ದಿನಾ ಹೌದೋ ಅಲ್ಲವೋ, ಅದನ್ನು ಮುಚ್ಚಿಡಬಾರದು. ಹಾಳೆಯ ಕೊನೆಯಲ್ಲಿ ನಿಮಗೆ ಬೇಕಾದದ್ದು ಏನು ಎಂಬ ಒಂದೇ ಒಂದು ಪ್ರಶ್ನೆ.

ಕೂಡು ಕುಟುಂಬದ ಮನೆಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಿಜವಾದ ಕಷ್ಟ ಮಾತಾಡಲು ಜಾಗ ಸಿಗುವುದು. ಟೆರೇಸು, ಪಾರ್ಕಿನ ಬೆಂಚು, ನಿಲ್ಲಿಸಿದ ಕಾರು, ತೋಟದ ಬದು ಯಾವುದಾದರೂ ಸರಿ. ಅರ್ಧ ಗಂಟೆ ಕೈಯಲ್ಲಿರಲಿ, ಚಾರ್ಜ್ ಇರಲಿ, ಮಲೆನಾಡಿನಲ್ಲಾದರೆ ಸಿಗ್ನಲ್ ನಿಲ್ಲುವ ಜಾಗ ಗೊತ್ತಿರಲಿ. ಗುರುತಿನ ಚೀಟಿ ಬೇಡ. ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಶುರುವಿನಲ್ಲೇ ಹಾಗೆಂದು ಹೇಳಿ.

ಗುಟ್ಟಿನ ವಿಚಾರ ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಅದೇ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ. ‘ಪೊಲೀಸ್ ಕೇಸ್ ಆಗುತ್ತೆ’ ಎಂದು ಹೆದರಿ ಬಾಯಿ ಮುಚ್ಚಿಕೊಳ್ಳುವವರು ಇದನ್ನು ತಿಳಿಯಬೇಕು. ಆದರೆ ಗೋಪ್ಯತೆಗೆ ಎಲ್ಲೆ ಉಂಟು. ಜೀವಕ್ಕೆ ಅಪಾಯ ಕಂಡರೆ ಮನೆಯವರನ್ನೋ ತುರ್ತು ಸೇವೆಯನ್ನೋ ಒಳಗೆ ತರಬೇಕಾಗುತ್ತದೆ. 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವರದಿ ಮಾಡುವುದು ತಿಳಿದವರೆಲ್ಲರ ಕರ್ತವ್ಯ, ಸಮಾಲೋಚಕರೂ ಸೇರಿ. ಇದು ದೋಷವಲ್ಲ, ಮಗುವಿನ ಕಾವಲು.

ಹರೆಯದ ಮಕ್ಕಳ ವಿಷಯಕ್ಕೆ ಬರೋಣ. ಅಪ್ಪ ಅಮ್ಮ ಫೋನ್ ಮಾಡಿ ‘ಮಗನಿಗೆ ಬುದ್ಧಿ ಹೇಳಿ’ ಎಂದರೆ ಏನೂ ಆಗುವುದಿಲ್ಲ. ಎದುರಿಗಿಲ್ಲದ ಹುಡುಗನನ್ನು ಇನ್ನೊಬ್ಬರ ಬಾಯಿಂದ ಕೇಳಿ ಇಂಥ ಕಾಯಿಲೆ ಎಂದು ಯಾರೂ ಹೇಳಲಾಗದು, ಹೇಳಲೂಬಾರದು. ಕೇಳಬೇಕಾದ ಪ್ರಶ್ನೆ ಬೇರೆ: ‘ಅವನ ಹತ್ತಿರ ಮಾತು ಹೇಗೆ ಶುರು ಮಾಡಲಿ?’ ಇದಕ್ಕೆ ಫೋನಿನಲ್ಲೇ ಒಳ್ಳೆಯ ಸಹಾಯ ಸಿಗುತ್ತದೆ. ತತ್ವ ಸರಳ. ಎದುರು ಕೂರಿಸಿಕೊಂಡು ವಿಚಾರಣೆ ಮಾಡಬಾರದು. ಬೈಕಿನಲ್ಲಿ ಹೋಗುವಾಗ, ಅವರೆಕಾಳು ಸುಲಿಯುವಾಗ, ಅಕ್ಕಪಕ್ಕ ಇರುವಾಗ ಮಾತು ಬರುತ್ತದೆ. ‘ಯಾಕೆ ಹೀಗಾಡ್ತೀಯಾ’ ಎಂಬ ‘ಯಾಕೆ’ ಬಿಟ್ಟು, ಕಂಡದ್ದನ್ನು ಹೇಳಬೇಕು: ‘ಹದಿನೈದು ದಿನದಿಂದ ಆಡೋಕೆ ಹೋಗ್ತಿಲ್ಲ ನೀನು, ರಾತ್ರಿ ಲೈಟ್ ಉರೀತಿರುತ್ತೆ. ನನಗೆ ಚಿಂತೆ ಆಗ್ತಿದೆ ಕಣೋ.’ ಹೇಳಿ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಕಷ್ಟ, ನಮ್ಮ ಮನೆಗಳಲ್ಲಿ ಆ ಜಾಗಕ್ಕೆ ತಕ್ಷಣ ಪಕ್ಕದ ಮನೆ ಹುಡುಗನ ಮಾರ್ಕ್ಸು ಬಂದು ಕೂರುತ್ತದೆ.

ರಿಸಲ್ಟಿನ ವಾರ ಈ ಸಂಖ್ಯೆ ಫ್ರಿಜ್ಜಿನ ಬಾಗಿಲ ಮೇಲೆ ಇರಲಿ. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ, ಆ ಸಂಜೆ ಅಂಕದ ಮಾತು ಬೇಡ, ನೆಂಟರ ಫೋನನ್ನು ನೀವೇ ತೆಗೆದುಕೊಳ್ಳಿ. 2024ರಿಂದ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ವ್ಯವಸ್ಥೆ ಬಂದಿದೆ. ಫೇಲ್ ಆದರೆ ವರ್ಷವೇ ಹೋಯಿತು ಎಂಬ ಹಳೆಯ ಲೆಕ್ಕ ಬದಲಾಗಿದೆ ಎಂಬುದನ್ನು ರಿಸಲ್ಟ್ ಬರುವ ಮುಂಚೆಯೇ ಮಗುವಿನ ಕಿವಿಗೆ ಹಾಕಿ. ಮಗು ‘ಇರೋದೇ ಬೇಡ’ ಎಂಬರ್ಥದ ಮಾತಾಡಿದ್ದರೆ ಮನೆಯ ಮಾತ್ರೆ ಡಬ್ಬ, ಹೊಲದ ಔಷಧಿ ಎಲ್ಲಕ್ಕೂ ಅವತ್ತೇ ಬೀಗ ಬೀಳಬೇಕು, ಕೀಲಿ ಒಬ್ಬ ಹಿರಿಯರ ಹತ್ತಿರ. ಆ ಉದ್ವೇಗದ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಕೈಗೆ ಏನೂ ಸಿಗದಿದ್ದರೆ ಅದು ದಾಟಿಹೋಗುತ್ತದೆ.

ಮೊಬೈಲ್ ಗೇಮಿನ ಹುಚ್ಚಿಗೂ ಕರೆ ಮಾಡಬಹುದು. ಆದರೆ ಶಾಲೆ, ನಿದ್ದೆ, ಊಟ ಮೂರೂ ಕೆಟ್ಟಿದ್ದರೆ ಫೋನಿನ ಸಲಹೆ ಸಾಲದು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ.

ಬಾಣಂತನದ ಬಗ್ಗೆ ಬರೆಯಲೇಬೇಕು, ಏಕೆಂದರೆ ಅಲ್ಲಿ ತಡವಾದರೆ ಎರಡು ಜೀವಕ್ಕೆ ಕಷ್ಟ. ಹೆರಿಗೆಯಾದ ಮೂರು ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು, ಸಿಡುಕು ಬರುವುದು ಸಾಮಾನ್ಯ, ಹತ್ತು ಹದಿನೈದು ದಿನದಲ್ಲಿ ಇಳಿಯುತ್ತದೆ. ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ‘ನಾನು ಒಳ್ಳೆ ತಾಯಿಯಲ್ಲ’ ಎಂಬ ಮಾತು ಮತ್ತೆ ಮತ್ತೆ ಬರುತ್ತಿದ್ದರೆ 14416ಕ್ಕೆ ಮಾಡಿ. ತಾಯಿಗೆ ಮಾತಾಡಲಾಗದಿದ್ದರೆ ಗಂಡನೋ ಅಮ್ಮನೋ ಮಾಡಲಿ. ಆದರೆ ಬಾಣಂತಿ ರಾತ್ರಿಯಿಡೀ ಮಲಗದೆ ಅಸಂಬದ್ಧ ಮಾತಾಡುವುದು, ಯಾರೋ ಮಾತಾಡಿಸುತ್ತಾರೆ ಎನ್ನುವುದು, ಮಗು ತನ್ನದಲ್ಲ ಎನ್ನುವುದು ಕಂಡರೆ ಅದು ಹಳಬರು ‘ಬಾಣಂತಿ ಸನ್ನಿ’ ಎಂದು ಕರೆದದ್ದು. ಗಾಳಿ ಸೋಕಿದೆ ಎಂದು ದಿನ ಕಳೆಯುವಂತಿಲ್ಲ, ಫೋನಿನಲ್ಲಿ ಮಾತಾಡಿಕೊಂಡು ಕೂರುವಂತೆಯೂ ಇಲ್ಲ. ಅದೇ ದಿನ ಆಸ್ಪತ್ರೆ. ತಾಯಿಯನ್ನೂ ಮಗುವನ್ನೂ ಒಬ್ಬರ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು. ತಾಯಿ–ಮಗುವನ್ನು ಒಟ್ಟಿಗೇ ಇಟ್ಟು ನೋಡುವ ವಿಭಾಗ ನಿಮ್ಹಾನ್ಸ್‌ನಲ್ಲಿದೆ. ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ವಾಸಿಯಾಗುವ ಕಾಯಿಲೆ ಇದು.

ಗಂಡ ಹೆಂಡಿರ ಜಗಳಕ್ಕೆ ಈ ಸೇವೆ ಅರ್ಧ ಮಾತ್ರ ಒದಗುತ್ತದೆ. ಇಬ್ಬರನ್ನೂ ಕೂರಿಸಿ ವಾರವಾರ ಮಾತಾಡಿಸುವ ದಂಪತಿ ಸಮಾಲೋಚನೆ ಫೋನಿನಲ್ಲಿ ಆಗದು. ಕರೆ ಮಾಡಿದವರ ಉರಿ ತಣಿಸಲು, ಸಿಟ್ಟು ನೆತ್ತಿಗೇರಿದಾಗ 20–30 ನಿಮಿಷ ಬೇರೆ ಕೋಣೆಗೆ ಹೋಗಿ ಬಂದು ಮಾತು ಮುಂದುವರಿಸುವಂಥ ಉಪಾಯ ಹೇಳಿಕೊಡಲು ಸಾಕು. ಹೊಡೆತ ಬಡಿತ ಇದ್ದರೆ ದಾರಿಯೇ ಬೇರೆ: ಆ ಕ್ಷಣಕ್ಕೆ ತುರ್ತು ಸಂಖ್ಯೆ 112, ಆಮೇಲೆ ಮಹಿಳಾ ಸಹಾಯವಾಣಿ 181. ಹೊಡೆಸಿಕೊಳ್ಳುವವಳಿಗೆ ‘ಹೊಂದಿಕೊಂಡು ಹೋಗಿ’ ಎಂದು ಯಾರು ಹೇಳಿದರೂ, ಯಾವ ಸಂಖ್ಯೆಯಿಂದ ಹೇಳಿದರೂ ಒಪ್ಪಬೇಕಾಗಿಲ್ಲ.

ಕುಡಿತದ ವಿಷಯದಲ್ಲಿ ಮನೆಯವರು ಮಾಡುವ ದೊಡ್ಡ ತಪ್ಪು, ಆಣೆ ಪ್ರಮಾಣ ಮಾಡಿಸಿ ಒಂದೇ ದಿನದಲ್ಲಿ ಬಿಡಿಸುವುದು. ವರ್ಷಗಟ್ಟಲೆ ದಿನಾ ಕುಡಿದವರು ಥಟ್ಟನೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು. ಒಂದೆರಡು ದಿನದಲ್ಲಿ ಕೆಲವರಿಗೆ ಫಿಟ್ಸ್. ಎರಡು ಮೂರನೇ ದಿನಕ್ಕೆ ದಿಕ್ಕು ತಪ್ಪಿದ ಮಾತು, ಇಲ್ಲದ್ದು ಕಾಣುವುದು. ಜೀವಕ್ಕೇ ಅಪಾಯ. ಬಿಡಿಸುವ ಮೊದಲು ಫೋನ್ ಮಾಡಿ, ಎಲ್ಲಿ ದಾಖಲಿಸಬೇಕು ಎಂದು ಕೇಳಿ. ಇದಕ್ಕೆಂದೇ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಕೂಡ ಇದೆ; ಎರಡು ಸಂಖ್ಯೆಗೂ ಅಂತರ ಒಂದೇ ಅಂಕಿ, ಗಮನಿಸಿ ಒತ್ತಿ.

ಸಮಾಲೋಚಕರು ಹೇಳುವ ಸಣ್ಣ ಅಭ್ಯಾಸಗಳನ್ನು ಜನ ತಪ್ಪಾಗಿ ಮಾಡಿ ‘ಉಪಯೋಗವಿಲ್ಲ’ ಎನ್ನುವುದುಂಟು. ಉಸಿರಾಟವನ್ನೇ ತೆಗೆದುಕೊಳ್ಳಿ. ಎದೆ ಹೊಡೆದುಕೊಳ್ಳುವಾಗ ಕಪಾಲಭಾತಿಯಂಥ ವೇಗದ ಉಸಿರಾಟ ಮಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ, ಹೆದರಿಕೆ ಇನ್ನೂ ಏರುತ್ತದೆ. ಬೇಕಾದದ್ದು ನಿಧಾನದ ಉಸಿರು: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ಆತಂಕ ಇಲ್ಲದ ಹೊತ್ತಿನಲ್ಲಿ ದಿನಾ ಎರಡು ಸಲ ರೂಢಿ ಮಾಡಿದ್ದರೆ ಮಾತ್ರ ಆತಂಕದ ಹೊತ್ತಿಗೆ ನೆನಪಾಗುತ್ತದೆ. ನಿದ್ದೆಯದೂ ಹಾಗೇ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಿದರೂ ನಿದ್ದೆ ಬರಲಿಲ್ಲ ಎಂದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮಲಗಬೇಕು. ಯಾವಾಗ ಮಲಗಿದರೂ ಏಳುವ ಸಮಯ ಒಂದೇ ಇರಬೇಕು. ಎರಡು ಮೂರು ವಾರ ಬಿಡದೆ ಮಾಡದೆ ಫಲ ಕೇಳಬಾರದು.

ಕೊರತೆಗಳೂ ಇವೆ. ಪಾಳಿಯಲ್ಲಿ ನಡೆಯುವ ಸೇವೆಯಾದ್ದರಿಂದ ಪ್ರತಿ ಸಲ ಅದೇ ದನಿ ಸಿಗುತ್ತದೆ ಎಂದು ನಂಬಿಕೊಳ್ಳಲಾಗದು. ಕಥೆಯನ್ನು ಮೊದಲಿಂದ ಹೇಳಬೇಕಾಗಬಹುದು. ನೊಂದವರಿಗೆ ಇದು ದೊಡ್ಡ ಹೊರೆ. ಆ ಅರ್ಧ ಹಾಳೆಯನ್ನು ಎಸೆಯದೆ ಇಟ್ಟುಕೊಳ್ಳಿ, ಪ್ರತಿ ಕರೆಯ ತಾರೀಕು, ಹೇಳಿದ ಸಲಹೆ ಅದರಲ್ಲೇ ಬರೆಯಿರಿ, ಮತ್ತೆ ಅವರೇ ಕರೆ ಮಾಡುತ್ತಾರೆಯೇ ಎಂದು ಕೇಳಿ. ಬಾಲ್ಯದ ಆಘಾತ, ಹಳೆಯ ಗೀಳು, ದೀರ್ಘ ಖಿನ್ನತೆಗೆ ಬೇಕಾದ ಹತ್ತು ಹದಿನೈದು ವಾರಗಳ ಚಿಕಿತ್ಸೆ ಇಲ್ಲಿ ಸಿಗುವುದಿಲ್ಲ. ನಿದ್ದೆ ಮಾತ್ರೆ ಬರೆಸಿಕೊಳ್ಳಲು ಫೋನ್ ಮಾಡಬೇಡಿ. ಒಬ್ಬ ಸಮಾಲೋಚಕರ ಮಾತು ಹಿಡಿಸಲಿಲ್ಲ, ಬರೀ ಉಪದೇಶವಾಯಿತು ಎನ್ನಿಸಿದರೆ ‘ನನಗೆ ತಜ್ಞರ ಹತ್ತಿರ ಮಾತಾಡಬೇಕು’ ಎಂದು ಬಿಚ್ಚಿ ಹೇಳಿ. ಕೇಳುವುದು ಅಗೌರವವಲ್ಲ.

2024ರ ಅಕ್ಟೋಬರ್ 10ರಂದು ಆ್ಯಪ್ ಬಂತು. ಅದರಲ್ಲಿ ಸ್ವಆರೈಕೆಯ ಮಾಹಿತಿ ಇದೆ, ಅಲ್ಲಿಂದಲೇ ಸಮಾಲೋಚಕರನ್ನು ಸಂಪರ್ಕಿಸಬಹುದು. ವಿಡಿಯೋ ಸಮಾಲೋಚನೆ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ವಿಡಿಯೋ ನೇರವಾಗಿ ಸಿಗುವ ಸೌಲಭ್ಯವಲ್ಲ. ಕರೆಯಲ್ಲಿ ಮಾತಾಡಿದ ತಜ್ಞರು ಮುಖ ನೋಡುವುದು ಅಗತ್ಯ ಎಂದಾಗ ಬರುವ ಮುಂದಿನ ಹಂತ. ವಯಸ್ಸಾದವರಿಗೆ ಆ್ಯಪ್ ಹಾಕಿಕೊಟ್ಟು ಗೊಂದಲ ಮಾಡುವುದಕ್ಕಿಂತ 14416ನ್ನು ಅವರ ಫೋನಿನಲ್ಲಿ ಹೆಸರು ಹಾಕಿ ಉಳಿಸಿಕೊಡುವುದೇ ಮೇಲು. ಹೊರದೇಶದಲ್ಲಿರುವ ಮಕ್ಕಳು ಊರಿನ ಅಪ್ಪ ಅಮ್ಮನಿಗಾಗಿ ಮಾಡಬಹುದಾದ ಕೆಲಸವೂ ಇದೇ. ಇಂಥ ಉಚಿತ ಸಂಖ್ಯೆಗಳು ಹೊರಗಿನಿಂದ ಸಾಮಾನ್ಯವಾಗಿ ತಾಗುವುದಿಲ್ಲ, ಹಾಗಾಗಿ ಊರಲ್ಲಿರುವ ಅಕ್ಕನೋ ಪಕ್ಕದ ಮನೆಯವರೋ ಅವರ ಜೊತೆ ಕೂತು ಕರೆ ಹಚ್ಚಿಕೊಡಲಿ.

ಯಾರಾದರೂ ಈಗಾಗಲೇ ಏನನ್ನಾದರೂ ಸೇವಿಸಿದ್ದರೆ 14416 ಬೇಡ. ಮೊದಲು 108 ಅಥವಾ 112. ವಾಂತಿ ಮಾಡಿಸಲು ಹೋಗಬೇಡಿ, ಸೇವಿಸಿದ್ದರ ಡಬ್ಬಿ ಅಥವಾ ಸ್ಟ್ರಿಪ್ಪನ್ನು ಆಸ್ಪತ್ರೆಗೆ ಒಯ್ಯಿರಿ, ನಿಜ ಹೇಳಿ.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಪ್ರತಿ ಸಲ ಮೊದಲಿಂದ ಹೇಳಬೇಕಾಗಬಹುದಾದ ಆ ಕಷ್ಟಕ್ಕೆ. ಬೆಂಗಳೂರಿನವರು, ಕಾಯಿಲೆ ಎನ್ನುವಷ್ಟು ಇಲ್ಲದೆ ಮನಸ್ಸು ಭಾರವಾದವರು, ಬಿಟಿಎಂ ಲೇಔಟಿನಲ್ಲಿರುವ ನಿಮ್ಹಾನ್ಸ್‌ನ ಯೋಗಕ್ಷೇಮ ಕೇಂದ್ರವನ್ನೂ ವಿಚಾರಿಸಬಹುದು. ತಾಲ್ಲೂಕಿನಲ್ಲಿರುವವರಿಗೆ ಕರ್ನಾಟಕದ್ದೇ ಆದ ‘ಮನೋಚೈತನ್ಯ’ ಕಾರ್ಯಕ್ರಮ ಇದೆ: ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ, ಇಲ್ಲವೇ ಆಶಾ ಕಾರ್ಯಕರ್ತೆಯ ಹತ್ತಿರ ಮೊದಲೇ ಕೇಳಿಕೊಳ್ಳಿ. ಹೋಗುವಾಗ ಆ ಅರ್ಧ ಹಾಳೆ, ನಡೆಯುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು, ಹಳೆಯ ಚೀಟಿ ಜೊತೆಗಿರಲಿ. ರೋಗಿಯ ಜೊತೆ ಒಂದೇ ಸೂರಿನಡಿ ಇರುವವರೊಬ್ಬರು ಬರಲಿ. ಖಿನ್ನತೆಗೆ ಮಾತ್ರೆ ಕೊಟ್ಟರೆ ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರದ ಹೊಟ್ಟೆ ತೊಳೆಸುವಿಕೆಗೆ ಹೆದರಿ ಬಿಡಬಾರದು. ಮುಂದಿನ ಭೇಟಿ ಯಾವತ್ತು ಎಂದು ಹೊರಡುವ ಮುಂಚೆ ಚೀಟಿಯ ಮೇಲೆ ಬರೆಸಿಕೊಳ್ಳಿ. ನಡುವೆ ಮಾತ್ರೆಯ ಬಗ್ಗೆ ಅನುಮಾನ ಬಂದರೆ ರಾತ್ರಿಯಾದರೂ 14416 ಇದ್ದೇ ಇದೆ.